ಹಿತ್ತಲ ರೈಲಿಗೆ ಹಳಿ ಹಾಕುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಜನ ಕೂತು ಹೋಗುವಂಥ ಪುಟ್ಟ ರೈಲಿನ ಬಗ್ಗೆ ಈ ಸಲ ಬಂದ ಪತ್ರಗಳೆಲ್ಲ ಹಳಿಯ ಬಗ್ಗೆಯೇ ಇವೆ. ಓದಿ ಖುಷಿಯಾಯಿತು. ಸಾಮಾನ್ಯವಾಗಿ ಎಲ್ಲರೂ ಎಂಜಿನ್ ಹಿಂದೆ ಬೀಳುತ್ತಾರೆ, ಹಳಿ ಆಮೇಲೆ ನೋಡಿದರಾಯಿತು ಅಂದುಕೊಳ್ಳುತ್ತಾರೆ. ಆದರೆ ಓಡಿಸಲು ಶುರು ಮಾಡಿದ ಮೇಲೆ ಬರುವ ತಾಪತ್ರಯಗಳಲ್ಲಿ ಹೆಚ್ಚಿನವು ಹಳಿಯಿಂದ, ಹಳಿಯ ಕೆಳಗಿನ ನೆಲದಿಂದ ಬರುತ್ತವೆ. ಅದಕ್ಕೇ ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ನಮ್ಮ ಹಿತ್ತಲು 30 ಮೀಟರ್ ಉದ್ದ, 18 ಮೀಟರ್ ಅಗಲ ಇದೆ. ಒಂದು ಪೂರ್ತಿ ಸುತ್ತು ಹಳಿ ಹಾಕಬೇಕು, ದೊಡ್ಡವರೂ ಕೂರಬೇಕು. 5 ಇಂಚಿನ ಗೇಜ್ ಸಾಕಾ, 7¼ ಇಂಚು ಬೇಕಾ?

ದೊಡ್ಡವರು ಕೂರಬೇಕು, ಹಳಿಯೂ ನೆಲದ ಮೇಲೇ ಇರಬೇಕು ಎಂದರೆ 7¼ ಇಂಚು ಹಾಕಿ, ಅಂದರೆ ಹಳಿಗಳ ನಡುವೆ 184 ಮಿ.ಮೀ. ಜಾಗ. ಬೋಗಿಯ ಮೇಲೆ ಕೂತ ಮನುಷ್ಯನ ಭಾರ ಹಳಿಯಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿರುತ್ತದೆ. ಆ ಭಾರ ಪಕ್ಕಕ್ಕೆ 9 ಸೆಂ.ಮೀ. ಸರಿದರೆ ಸಾಕು, ಪೂರ್ತಿ ಒಂದೇ ಹಳಿಯ ಮೇಲೆ ಬಂದುಬಿಡುತ್ತದೆ. ಅದಕ್ಕಿಂತ ಸರಿದರೆ ಮಗುಚಿಕೊಳ್ಳುತ್ತದೆ. 5 ಇಂಚಿನ ಹಳಿಯಲ್ಲಿ, ಅಂದರೆ 127 ಮಿ.ಮೀ.ನಲ್ಲಿ, 6 ಸೆಂ.ಮೀ. ಸರಿದರೇ ಆ ಸ್ಥಿತಿ. ಬೋಗಿಯ ಸ್ವಂತ ತೂಕ ಒಂದಿಷ್ಟು ಹಿಡಿದುಕೊಳ್ಳುತ್ತದೆ ನಿಜ, ಆದರೆ ಹಗುರವಾದ ಬೋಗಿಯಲ್ಲಿ ಅದನ್ನು ನಂಬಿಕೊಂಡು ಕೂರಬೇಡಿ. ಹಿಂದಿನವರ ಜೊತೆ ಮಾತಾಡಲು ಯಾರಾದರೂ ಮೈ ತಿರುಗಿಸಿದರೂ ಅಷ್ಟು ಸರಿಯುತ್ತದೆ, ಅಲ್ವಾ?

ಈಗ ಜಾಗದ ಲೆಕ್ಕ. ಅಗಲ 18 ಮೀಟರ್. ಕೂತವರ ಮೊಣಕಾಲು, ಮೊಣಕೈ ಗೋಡೆಗೋ ಮರಕ್ಕೋ ತಾಗಬಾರದು, ಅದಕ್ಕಾಗಿ ಹಳಿಯ ನಡುಗೆರೆಯಿಂದ ಎರಡೂ ಬದಿಗೆ ಒಂದೊಂದು ಮೀಟರ್ ಬಿಡಬೇಕು. ಉಳಿಯುವುದು 16 ಮೀಟರ್. ಅಂದರೆ ಎರಡು ತುದಿಯ ತಿರುವುಗಳಿಗೆ ಸಿಗುವ ತ್ರಿಜ್ಯ 8 ಮೀಟರ್ ಮಾತ್ರ. 7¼ ಇಂಚಿನ ಗೇಜ್‌ಗೆ ಇದು ಬಿಗಿ. ನಾಲ್ಕು ಚಕ್ರದ ಪುಟ್ಟ ಬ್ಯಾಟರಿ ಎಂಜಿನ್, ಚಿಕ್ಕ ಚಿಕ್ಕ ಬೋಗಿಗಳಾದರೆ ಓಡುತ್ತವೆ. ಉದ್ದನೆಯ ಸ್ಟೀಮ್ ಎಂಜಿನ್ ಆಸೆ ಇದ್ದರೆ 15 ಮೀಟರ್ ತ್ರಿಜ್ಯವಾದರೂ ಬೇಕು, ಅದು ನಿಮ್ಮಲ್ಲಿ ಆಗುವುದಿಲ್ಲ. ಅಂಥ ಆಸೆ ಇದ್ದರೆ ಸುತ್ತು ಹಾಕುವ ಯೋಚನೆ ಬಿಟ್ಟು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿಬರುವ ದಾರಿ ಮಾಡಿ. ಹಿಂದೆ ಮುಂದೆ ಓಡಿಸುವುದರಲ್ಲೂ ಮಜಾ ಇದೆ. ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟುವುದೇ ಒಂದು ಆಟ, ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ.

ಇನ್ನೊಂದು ಮಾತು. ಬ್ರಿಟನ್ನಿನಲ್ಲಿ 7¼ ಇಂಚು ನಡೆಯುತ್ತದೆ, ಅಮೆರಿಕದ ಬಹುಭಾಗದಲ್ಲಿ 7½ ಇಂಚು. ನೋಡಲು ಎರಡೂ ಒಂದೇ ಥರ, ಆರು ಮಿ.ಮೀ. ಮಾತ್ರ ವ್ಯತ್ಯಾಸ. ಚಕ್ರವನ್ನೋ ನಕ್ಷೆಯನ್ನೋ ತರಿಸುವಾಗ ಯಾವುದು ಎಂದು ಕೇಳಿಯೇ ತರಿಸಿ.

ಪ್ರಶ್ನೆ: ಹಳಿಯನ್ನು ಕಂಬಗಳ ಮೇಲೆ ಎತ್ತರದಲ್ಲಿ ಹಾಕುವವರೂ ಇದ್ದಾರಲ್ಲ, ಅದು ಒಳ್ಳೆಯದಾ?

3½ ಮತ್ತು 5 ಇಂಚಿಗೆ ಒಳ್ಳೆಯದು. ಜನ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ, ಪಾದದ ಹಲಗೆ ಹಳಿಗಿಂತ ಕೆಳಗೆ ಬರುತ್ತದೆ, ಭಾರ ತಗ್ಗಿನಲ್ಲಿ ಇರುತ್ತದೆ. ಎಂಜಿನ್ ಕೈಗೆಟುಕುವ ಎತ್ತರದಲ್ಲಿ ಸಿಗುತ್ತದೆ, ಬೆನ್ನು ಬಗ್ಗಿಸಬೇಕಿಲ್ಲ. ಆದರೆ ಪಾಯಿಂಟ್ಸ್, ಅಂದರೆ ರೈಲನ್ನು ಒಂದು ದಾರಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿ ಜೋಡಣೆ, ಹಾಕುವುದು ಕಷ್ಟ, ಹಿತ್ತಲು ಎರಡು ಭಾಗವಾಗುತ್ತದೆ, ಓಡಾಡಲು ಒಂದು ತುಂಡನ್ನು ಗೇಟಿನ ಹಾಗೆ ತೆಗೆಯುವಂತೆ ಮಾಡಬೇಕಾಗುತ್ತದೆ. 7¼ ಇಂಚಿಗೆ ನೆಲವೇ ಸರಿ.

ಪ್ರಶ್ನೆ: ಹಳಿಗೆ ಉಕ್ಕಿನ ಪಟ್ಟಿ ಸಾಕೇ, ಅಥವಾ ನಿಜವಾದ ರೈಲು ಹಳಿಯ ಆಕಾರದ ಅಲ್ಯುಮಿನಿಯಂ ತರಿಸಬೇಕೇ?

ಚೆಂದ ಬೇಕಿದ್ದರೆ ಅಲ್ಯುಮಿನಿಯಂ, ಗಟ್ಟಿತನ ಬೇಕಿದ್ದರೆ ಉಕ್ಕು. ಉಕ್ಕಿನ ಪಟ್ಟಿ 25 ಮಿ.ಮೀ. ಎತ್ತರ, 10 ಮಿ.ಮೀ. ದಪ್ಪದ್ದು ತೆಗೆದುಕೊಳ್ಳಿ. ನಿಲ್ಲಿಸಿ ಬೆಸುಗೆ ಹಾಕಬೇಕು, ಮಲಗಿಸಿ ಅಲ್ಲ. ಅದೇ ಪಟ್ಟಿಯನ್ನು ನಿಲ್ಲಿಸಿದರೆ ಮಲಗಿಸಿದ್ದಕ್ಕಿಂತ ಆರು ಪಟ್ಟು ಕಡಿಮೆ ಬಾಗುತ್ತದೆ. 20 ಮಿ.ಮೀ. ಎತ್ತರದ್ದಾದರೂ ನಡೆಯುತ್ತದೆ, ಆದರೆ ಆ ಐದು ಮಿ.ಮೀ. ಉಳಿಸಲು ಹೋಗಿ ಗಟ್ಟಿತನ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಆಗ ಸ್ಲೀಪರ್‌ಗಳನ್ನು, ಅಂದರೆ ಹಳಿಯ ಅಡಿಯಲ್ಲಿ ಅಡ್ಡಲಾಗಿ ಹಾಕುವ ತುಂಡುಗಳನ್ನು, ಹತ್ತಿರ ಹತ್ತಿರ ಇಡಬೇಕು. 25 ಮಿ.ಮೀ. ಪಟ್ಟಿಗೆ 15ರಿಂದ 20 ಸೆಂ.ಮೀ.ಗೊಂದು ಸ್ಲೀಪರ್ ಇದ್ದರೆ ಚಿಂತೆಯಿಲ್ಲ.

ಬೆಸುಗೆ ಹಾಕುವವರು ಒಂದು ವಿಷಯ ಗಮನಿಸಿ. ಬೆಸುಗೆ ಆರುವಾಗ ಕುಗ್ಗುತ್ತದೆ. ಪಟ್ಟಿಯ ಬುಡವನ್ನು ಉಕ್ಕಿನ ಸ್ಲೀಪರಿಗೆ ಬೆಸೆಯುತ್ತಾ ಹೋದರೆ ಬುಡದ ಕಡೆ ಕುಗ್ಗಿ, ಇಡೀ ತುಂಡು ನಡುವೆ ಉಬ್ಬಿ ಎರಡೂ ತುದಿ ಕೆಳಗೆ ಬಾಗುತ್ತದೆ. ಅದಕ್ಕೇ ಗಟ್ಟಿ ಚೌಕಟ್ಟಿಗೆ ಕ್ಲ್ಯಾಂಪ್ ಹಾಕಿ ಹಿಡಿದು, ಒಂದೇ ಕಡೆಯಿಂದ ಸಾಲಾಗಿ ಹೋಗದೆ ಅಲ್ಲೊಂದು ಇಲ್ಲೊಂದು ಎಂದು ಚಿಕ್ಕ ಚಿಕ್ಕ ಬೆಸುಗೆ ಹಾಕಿ, ಪೂರ್ತಿ ಆರಿದ ಮೇಲೆ ಕ್ಲ್ಯಾಂಪ್ ತೆಗೆಯಿರಿ. ಅವಸರ ಮಾಡಿದರೆ ಬಾಳೆಕಾಯಿಯಂತೆ ಬಾಗಿದ ಹಳಿ ಸಿಗುತ್ತದೆ, ಆಮೇಲೆ ಜಲ್ಲಿ ಎಷ್ಟು ತುಂಬಿದರೂ ನೆಟ್ಟಗಾಗುವುದಿಲ್ಲ.

ಅಲ್ಯುಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ಬಗ್ಗಿಸುವುದೂ ಸುಲಭ. ಆದರೆ ಉಕ್ಕಿನ ಚಕ್ರದಡಿ ಬೇಗ ಸವೆಯುತ್ತದೆ, ಬಿಸಿಲಿಗೆ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ವಾರಕ್ಕೊಮ್ಮೆ ಓಡಿಸುವ ಮನೆಯವರಿಗೆ ಸವೆತ ದೊಡ್ಡ ಮಾತಲ್ಲ.

ಪ್ರಶ್ನೆ: ತಿರುವನ್ನು ಕಣ್ಣಂದಾಜಿನಲ್ಲಿ ಬಗ್ಗಿಸಿದ್ದೇನೆ. ನೋಡಲು ಚೆನ್ನಾಗಿದೆ, ಆದರೆ ಬೋಗಿ ಕುಲುಕುತ್ತದೆ. ಎಲ್ಲಿ ತಪ್ಪಿದೆ ಎಂದು ಹೇಗೆ ಹುಡುಕಲಿ?

ನೇರವಾದ ಎರಡು ಮೀಟರಿನ ಒಂದು ಕೋಲು, ಒಂದು ಸ್ಕೇಲು ಸಾಕು. ಕೋಲಿನ ಎರಡೂ ತುದಿಯನ್ನು ಹೊರ ಹಳಿಯ ಒಳಮೈಗೆ ತಾಗಿಸಿ ಹಿಡಿಯಿರಿ. ಕೋಲಿನ ನಡುಮಧ್ಯದಲ್ಲಿ ಹಳಿಗೂ ಕೋಲಿಗೂ ಎಷ್ಟು ಅಂತರ ಇದೆ ನೋಡಿ. ತ್ರಿಜ್ಯ 15 ಮೀಟರ್ ಇದ್ದರೆ 33 ಮಿ.ಮೀ. ಬರಬೇಕು. 12 ಮೀಟರಿಗೆ 42, 10 ಮೀಟರಿಗೆ 50, 8 ಮೀಟರಿಗೆ 62. ಬೇರೆ ತ್ರಿಜ್ಯಕ್ಕೆ ಬೇಕಿದ್ದರೆ ಕೋಲಿನ ಉದ್ದದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ, ಅಷ್ಟೇ ಲೆಕ್ಕ. ಅರ್ಧ ಮೀಟರಿಗೊಮ್ಮೆ ಅಳೆದು ಹಳಿಯ ಮೇಲೇ ಚಾಕ್‌ಪೀಸಿನಲ್ಲಿ ಬರೆಯುತ್ತಾ ಹೋಗಿ. 33, 34, 32 ಎಂದು ಬರುತ್ತಿದ್ದದ್ದು ಒಂದು ಕಡೆ 45 ಎಂದು ಬಂದರೆ ಅಲ್ಲೇ ನಿಮ್ಮ ಕುಲುಕಾಟ.

ನನ್ನ ಊಹೆ ಏನೆಂದರೆ ಆ 45 ಬರುವುದು ಹಳಿಯ ಕೀಲಿನಲ್ಲಿ. ಮೂರು ರೋಲರಿನ ಯಂತ್ರದಲ್ಲಿ ಪಟ್ಟಿ ಬಗ್ಗಿಸುವಾಗ ಎರಡೂ ತುದಿಯ ಒಂದು ಗೇಣು ಬಾಗುವುದೇ ಇಲ್ಲ, ನೆಟ್ಟಗೇ ಉಳಿಯುತ್ತದೆ. ಅಂಥ ಎರಡು ನೆಟ್ಟಗಿನ ತುದಿಗಳನ್ನು ಜೋಡಿಸಿದರೆ ಅಲ್ಲೊಂದು ಮೊಣಕೈ ಬೀಳುತ್ತದೆ. ಪಟ್ಟಿಯನ್ನು ಬೇಕಾದ್ದಕ್ಕಿಂತ ಉದ್ದವಾಗಿಯೇ ತಂದು, ಬಗ್ಗಿಸಿದ ಮೇಲೆ ಆ ತುದಿಗಳನ್ನು ಕತ್ತರಿಸಿ ತೆಗೆದರೆ ಈ ಕಷ್ಟವೇ ಇಲ್ಲ. ಒಳ ಹಳಿ, ಹೊರ ಹಳಿ ಬೇರೆ ಬೇರೆಯಾಗಿ ಬಗ್ಗಿಸಿ. ಕಾಲು ವೃತ್ತದ ತಿರುವಿನಲ್ಲಿ ಹೊರ ಹಳಿ ಒಳ ಹಳಿಗಿಂತ ಸುಮಾರು 30 ಸೆಂ.ಮೀ. ಉದ್ದ ಇರುತ್ತದೆ. ತ್ರಿಜ್ಯ ಎಷ್ಟೇ ಇರಲಿ, 7¼ ಇಂಚಿನ ಹಳಿಯಲ್ಲಿ ಈ 30 ಬದಲಾಗುವುದಿಲ್ಲ, ಅದು ಗೇಜಿನ ಮೇಲೆ ನಿಂತ ಲೆಕ್ಕ.

ನೇರ ಹಳಿಯಿಂದ ತಿರುವಿಗೆ ಒಮ್ಮೆಲೇ ಹಾರಬೇಡಿ. ನಡುವೆ ಎರಡು ಮೀಟರಿನಷ್ಟು ದೂರ ಎರಡರಷ್ಟು ತ್ರಿಜ್ಯದಲ್ಲಿ ಬಗ್ಗಿಸಿದ ಹಳಿ ಇದ್ದರೆ ಕೂತವರಿಗೆ ತಿರುವು ಶುರುವಾದದ್ದೇ ಗೊತ್ತಾಗುವುದಿಲ್ಲ. ಎಡ ತಿರುವು ಮುಗಿದ ಕೂಡಲೇ ಬಲ ತಿರುವು ಬರುವುದಾದರೆ ನಡುವೆ ಒಂದು ಬೋಗಿಯಷ್ಟಾದರೂ ನೇರ ಹಳಿ ಬೇಕೇ ಬೇಕು. ಬಿಗಿ ತಿರುವಿನಲ್ಲಿ ಗೇಜನ್ನು ಎರಡು ಮೂರು ಮಿ.ಮೀ. ಅಗಲ ಮಾಡಿ, ಚಕ್ರಗಳು ಕಿರುಗುಟ್ಟುವುದು ನಿಲ್ಲುತ್ತದೆ.

ಪ್ರಶ್ನೆ: ನಮ್ಮ ರೈಲು ಒಂದೇ ಜಾಗದಲ್ಲಿ ಹಳಿ ತಪ್ಪುತ್ತದೆ, ತಿರುವು ಮುಗಿದು ನೇರವಾಗುವ ಕಡೆ. ಜನ ಕೂತಾಗ ಸರಿ ಹೋಗುತ್ತದೆ, ಖಾಲಿ ಬೋಗಿ ಮಾತ್ರ ಬೀಳುತ್ತದೆ. ತಿರುವಿನಲ್ಲಿ ಹೊರ ಹಳಿಯನ್ನು 20 ಮಿ.ಮೀ. ಎತ್ತರಿಸಿದ್ದೇವೆ. ಚಕ್ರ ಬದಲಾಯಿಸಬೇಕೇ?

ಚಕ್ರ ಮುಟ್ಟಬೇಡಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ, ಆ 20 ಮಿ.ಮೀ.ನಲ್ಲಿ.

ತಿರುವಿನಲ್ಲಿ ಎರಡೂ ಹಳಿ ಒಂದೇ ಮಟ್ಟದಲ್ಲಿ ಇಲ್ಲ, ನೇರ ಹಳಿಯಲ್ಲಿ ಇವೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲಿ ಹಳಿ ತಿರುಚಿಕೊಂಡಿರುತ್ತದೆ. ಆ ಜಾಗಕ್ಕೆ ಬಂದ ಬೋಗಿಯ ಮುಂದಿನ ಎರಡು ಚಕ್ರ ಸಮ ಮಟ್ಟದಲ್ಲಿ, ಹಿಂದಿನ ಎರಡು ಓರೆಯಾಗಿ. ನಾಲ್ಕು ಚಕ್ರದ ಗಟ್ಟಿ ಚೌಕಟ್ಟು ಹಾಗೆ ಬಾಗಲಾರದು, ಒಂದು ಚಕ್ರ ಗಾಳಿಯಲ್ಲಿ ತೇಲುತ್ತದೆ. 7¼ ಇಂಚಿನ ಚಕ್ರದ ಅಂಚು ಹಳಿಗಿಂತ ಕೆಳಗೆ ಇಳಿದಿರುವುದೇ 5ರಿಂದ 6 ಮಿ.ಮೀ. ಆಸುಪಾಸು. ಅಷ್ಟು ಮೇಲೆದ್ದರೆ ಮುಗಿಯಿತು, ಪಕ್ಕಕ್ಕೆ ಸರಿದು ಇಳಿಯುತ್ತದೆ. ಜನ ಕೂತಾಗ ಭಾರಕ್ಕೆ ಚೌಕಟ್ಟೂ ಸ್ಪ್ರಿಂಗೂ ಹಳಿಯೂ ಸ್ವಲ್ಪ ಬಗ್ಗಿ ಚಕ್ರ ಹಳಿಗೆ ತಾಗಿಕೊಳ್ಳುತ್ತದೆ. ಖಾಲಿ ಬೋಗಿಗೆ ಆ ಭಾಗ್ಯ ಇಲ್ಲ.

ಮೊದಲು 20 ಮಿ.ಮೀ. ಬೇಕಿತ್ತೇ ನೋಡೋಣ. ಗಂಟೆಗೆ 8 ಕಿ.ಮೀ. ವೇಗ, 15 ಮೀಟರ್ ತ್ರಿಜ್ಯ ಎಂದಿಟ್ಟುಕೊಂಡರೆ ತಿರುವಿನಲ್ಲಿ ಹೊರಕ್ಕೆ ಎಳೆಯುವ ಸೆಳೆತವನ್ನು ಪೂರ್ತಿ ಸರಿದೂಗಿಸಲು ಬೇಕಾದ ಎತ್ತರ ಆರು ಮಿ.ಮೀ. ಅಷ್ಟೇ. ಹಿತ್ತಲಲ್ಲಿ ಇದಕ್ಕಿಂತ ಜೋರಾಗಿ ಓಡಿಸುವುದೂ ಬೇಡ. 20 ಮಿ.ಮೀ. ಎತ್ತರಿಸಿದರೆ ಬೋಗಿ ಆರು ಡಿಗ್ರಿ ಒಳಕ್ಕೆ ವಾಲುತ್ತದೆ. ನಿಧಾನವಾಗಿ ಹೋಗುವಾಗ ಭಾರವೆಲ್ಲ ಒಳ ಹಳಿಗೆ ಬಿದ್ದು ಹೊರ ಚಕ್ರ ಹಗುರವಾಗುತ್ತದೆ. ಆದರೆ ತಿರುವಿನಲ್ಲಿ ಹಳಿಗೆ ಉಜ್ಜಿಕೊಂಡು ದಾರಿ ತೋರಿಸುವುದು ಅದೇ ಹೊರಗಿನ ಮುಂದಿನ ಚಕ್ರ. ಹಗುರವಾದ ಚಕ್ರ ಹಳಿಯ ಮೇಲೆ ಹತ್ತಿಬಿಡುತ್ತದೆ. ಕೂತವರೂ ಒಳಕ್ಕೆ ಜಾರುತ್ತಾರೆ. ದೊಡ್ಡ ರೈಲಿನಲ್ಲಿ ನೋಡಿದ್ದನ್ನು ಇಲ್ಲಿ ಮಾಡಲು ಹೋಗಬೇಡಿ, ಅಲ್ಲಿನ ವೇಗ ಬೇರೆ.

ಹೀಗೆ ಮಾಡಿ. ಎತ್ತರವನ್ನು 5 ಮಿ.ಮೀ.ಗೆ ಇಳಿಸಿ, ಪೂರ್ತಿ ತೆಗೆದರೂ ತಪ್ಪಿಲ್ಲ. ಇಡುವುದಾದರೆ ಮೀಟರಿಗೆ 2 ಮಿ.ಮೀ.ಗಿಂತ ಬೇಗ ಏರಿಸಬೇಡಿ, ಬೇಗ ಇಳಿಸಲೂ ಬೇಡಿ. ಆಮೇಲೆ ಇಡೀ ದಾರಿಯನ್ನು ಒಮ್ಮೆ ನಡೆದು, ಅರ್ಧ ಮೀಟರಿಗೊಮ್ಮೆ ಎರಡೂ ಹಳಿಯ ಮೇಲೆ ಅಡ್ಡಲಾಗಿ ರಸಮಟ್ಟ ಇಟ್ಟು ನೋಡಿ. ಉದ್ದಕ್ಕೆ ಹಳಿ ಸ್ವಲ್ಪ ಏರಿಳಿದರೂ ರೈಲು ಸಹಿಸಿಕೊಳ್ಳುತ್ತದೆ. ಅಡ್ಡ ಮಟ್ಟ ಥಟ್ಟನೆ ಬದಲಾದರೆ ಸಹಿಸುವುದಿಲ್ಲ. ಈ ಇಡೀ ಅಂಕಣದಲ್ಲಿ ಒಂದೇ ಒಂದು ಕೆಲಸ ಮಾಡುವವರಿದ್ದರೆ ಇದನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಮಾಡಿ.

ಪ್ರಶ್ನೆ: ಹಳಿಯ ಕೆಳಗೆ ಹೊಳೆಯ ದುಂಡು ಕಲ್ಲು ಹಾಕಿದರೆ ಚೆಂದ ಕಾಣುತ್ತದೆ, ಹಾಕಬಹುದಾ?

ಬೇಡ. ದುಂಡು ಕಲ್ಲು ಒಂದರ ಮೇಲೊಂದು ಉರುಳುತ್ತದೆ, ಹಳಿಯನ್ನು ಹಿಡಿಯುವುದಿಲ್ಲ. ಮೂಲೆ ಚೂಪಾಗಿರುವ ಒಡೆದ ಜಲ್ಲಿಯೇ ಬೇಕು, 10ರಿಂದ 14 ಮಿ.ಮೀ. ಗಾತ್ರದ್ದು. ಜಲ್ಲಿಪುಡಿ ಬೆರೆತಿರಬಾರದು, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಆದರೆ ಜಲ್ಲಿಗಿಂತ ಮೊದಲು ನೆಲ. ಮೇಲಿನ ಸಡಿಲ ಮಣ್ಣು, ಹುಲ್ಲು, ಬೇರು ಎಲ್ಲ ತೆಗೆದು ಗಟ್ಟಿ ಮಣ್ಣು ಸಿಗುವ ತನಕ ಅಗೆಯಿರಿ. ಆ ತಳವನ್ನು ಚೆನ್ನಾಗಿ ದಿಮ್ಮಿಸಿ, ಒಂದು ಬದಿಗೆ ಸ್ವಲ್ಪ ಇಳಿಜಾರು ಕೊಡಿ, ನೀರು ಹರಿದು ಹೋಗಲು ಕಾಲುವೆ ಮಾಡಿ. ಅದರ ಮೇಲೆ ನೀರು ಬಿಡುವ, ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಅದರ ಮೇಲೆ 7ರಿಂದ 10 ಸೆಂ.ಮೀ. ಜಲ್ಲಿ. ಬಟ್ಟೆ ಇಲ್ಲದಿದ್ದರೆ ಕೆಸರು ಮೇಲೆ ಬರುತ್ತದೆ, ಜಲ್ಲಿ ಕೆಳಗೆ ಇಳಿಯುತ್ತದೆ, ಎರಡು ಮಳೆಗಾಲದಲ್ಲಿ ಹಳಿ ಒಂದೊಂದು ಕಡೆ ಒಂದೊಂದು ಥರ ಕುಸಿದಿರುತ್ತದೆ, ಅಡ್ಡ ಮಟ್ಟ ಕೆಟ್ಟು ಮೇಲಿನ ಪ್ರಶ್ನೆಯವರ ಕಥೆಯೇ ನಿಮ್ಮದೂ ಆಗುತ್ತದೆ. ಪ್ಲಾಸ್ಟಿಕ್ ಶೀಟ್ ಹಾಕಬೇಡಿ, ನೀರು ಅದರ ಮೇಲೆ ನಿಲ್ಲುತ್ತದೆ.

ಕಾಂಕ್ರೀಟ್ ಹಾಕಬಹುದಾ ಎಂದು ಇನ್ನೊಬ್ಬರು ಕೇಳಿದ್ದಾರೆ. ಹಾಕಬಹುದು, ಆದರೆ ಕಾಂಕ್ರೀಟ್ ಒಂದು ಕಡೆ ಕುಸಿದರೆ ಸರಿಪಡಿಸಲು ಒಡೆಯಬೇಕು. ಜಲ್ಲಿಯಾದರೆ ಹಳಿ ಎತ್ತಿ, ಅಡಿಗೆ ಒಂದು ಹಿಡಿ ತಳ್ಳಿದರೆ ಮುಗಿಯಿತು. ನನಗೆ ಜಲ್ಲಿಯೇ ಇಷ್ಟ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಹಳಿ ಹಾವಿನಂತೆ ಪಕ್ಕಕ್ಕೆ ಸರಿದಿತ್ತು. ಸಂಜೆ ಮತ್ತೆ ಹತ್ತಿರ ಹತ್ತಿರ ನೆಟ್ಟಗಾಯಿತು. ಹಾಗೆಯೇ ಬಿಡಬಹುದೇ?

ಬಿಡಬೇಡಿ. ಬಿಸಿಲಿಗೆ ಬಿದ್ದ ಹಳಿ ಸುತ್ತಲಿನ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸ ಎಂದುಕೊಳ್ಳಿ. 6 ಮೀಟರಿನ ಉಕ್ಕಿನ ಪಟ್ಟಿ ಹತ್ತಿರ ಹತ್ತಿರ 3 ಮಿ.ಮೀ. ಹಿಗ್ಗುತ್ತದೆ. 40 ಮೀಟರ್ ದಾರಿಯನ್ನು ಸಂದು ಬಿಡದೆ ಬೆಸೆದಿದ್ದರೆ 19 ಮಿ.ಮೀ. ಎಲ್ಲಿಗಾದರೂ ಹೋಗಬೇಕಲ್ಲ, ಪಕ್ಕಕ್ಕೆ ಹೋಗುತ್ತದೆ. ಅಲ್ಯುಮಿನಿಯಂ ಆದರೆ 37.

ಹಳಿ ತುಂಡುಗಳನ್ನು ಫಿಶ್‌ಪ್ಲೇಟಿನಿಂದ, ಅಂದರೆ ಎರಡು ಹಳಿಯ ತುದಿಗಳನ್ನು ಪಕ್ಕದಿಂದ ಹಿಡಿಯುವ ಲೋಹದ ಪಟ್ಟಿಯಿಂದ, ಜೋಡಿಸಿ, ಬೋಲ್ಟಿನ ತೂತು ಉದ್ದುದ್ದ ಇರಲಿ, ಹಳಿ ಜಾರಲು ಜಾಗ ಸಿಗಬೇಕು. ತಂಪು ಹೊತ್ತಿನಲ್ಲಿ ಜೋಡಿಸುತ್ತಿದ್ದರೆ 6 ಮೀಟರಿಗೊಮ್ಮೆ 3 ಮಿ.ಮೀ. ಸಂದು ಬಿಡಿ. ಸುಡುಬಿಸಿಲಲ್ಲಿ ಜೋಡಿಸುತ್ತಿದ್ದರೆ ತಾಗಿಸಿಯೇ ಇಡಬಹುದು, ರಾತ್ರಿ ತಾನೇ ಬಿಚ್ಚಿಕೊಳ್ಳುತ್ತದೆ. ಬೋಲ್ಟನ್ನು ಜಗ್ಗಿ ಬಿಗಿ ಮಾಡಿದರೆ ಸಂದು ಇದ್ದೂ ಇಲ್ಲದ ಹಾಗೆ. ಜೊತೆಗೆ ಜಲ್ಲಿಯನ್ನು ಸ್ಲೀಪರಿನ ಮೇಲ್ಮೈ ತನಕ ತುಂಬಿ, ಸ್ಲೀಪರ್ ತುದಿಯಿಂದ ಆಚೆಗೂ 10 ಸೆಂ.ಮೀ. ಹರಡಿ. ಪಕ್ಕಕ್ಕೆ ಸರಿಯದಂತೆ ತಡೆಯುವುದು ಆ ಭುಜದ ಜಲ್ಲಿಯೇ. ಎಷ್ಟೋ ಕಡೆ ಅದನ್ನೇ ಹಾಕದೆ ಬಿಟ್ಟಿರುತ್ತಾರೆ.

ಪ್ರಶ್ನೆ: ಹಿತ್ತಲು ಇಳಿಜಾರಾಗಿದೆ, 40 ಮೀಟರಿಗೆ ಒಂದು ಮೀಟರ್ ಏರು ಬರುತ್ತದೆ. ಎಂಜಿನ್ ತೂಕ 100 ಕೆ.ಜಿ. ಎಳೆಯುತ್ತದೆಯೇ?

ಲೆಕ್ಕ ಹಾಕೋಣ. ಎಂಜಿನ್, ಎರಡು ಬೋಗಿ, ನಾಲ್ಕು ಜನ ಸೇರಿ 500 ಕೆ.ಜಿ. ಆಗುತ್ತದೆ. ನಲವತ್ತಕ್ಕೊಂದರ ಏರಿನಲ್ಲಿ ಆ ಭಾರ ಹಿಂದಕ್ಕೆ ಎಳೆಯುವ ಬಲವೇ 12.5 ಕೆ.ಜಿ. ಚಕ್ರ ಉರುಳಿಸಲು ಇನ್ನೂ ಸುಮಾರು 5 ಬೇಕು, ತಿರುವಿದ್ದರೆ ಮತ್ತೂ ಜಾಸ್ತಿ. ಒಣ ಹಳಿಯಲ್ಲಿ ಎಂಜಿನ್‌ಗೆ ಸಿಗುವ ಹಿಡಿತ ತನ್ನ ತೂಕದ ಐದನೇ ಒಂದು ಪಾಲು, ಅಂದರೆ 20 ಕೆ.ಜಿ. ಒಣ ದಿನ ಹೇಗೋ ಹತ್ತುತ್ತದೆ. ಹಳಿ ಒದ್ದೆಯಾದರೆ ಹಿಡಿತ ಅರ್ಧವಾಗುತ್ತದೆ, ಚಕ್ರ ಸುಮ್ನೆ ನಿಂತಲ್ಲೇ ತಿರುಗುತ್ತದೆ. ಇಳಿಯುವಾಗ ಇನ್ನೂ ಕಷ್ಟ. ಅದೇ ಜಾರುವ ಚಕ್ರವೇ ಬ್ರೇಕ್ ಹಿಡಿಯಬೇಕು.

ಮಣ್ಣನ್ನು ಒಂದು ಕಡೆ ಕಡಿದು ಇನ್ನೊಂದು ಕಡೆ ತುಂಬಿ, ದಾರಿಯನ್ನು ಉದ್ದ ಮಾಡಿ, ನೂರಕ್ಕೊಂದಕ್ಕೆ ತನ್ನಿ. ಆಗ ಏರಿನ ಎಳೆತ 5 ಕೆ.ಜಿ.ಗೆ ಇಳಿಯುತ್ತದೆ. ತುಂಬಿದ ಮಣ್ಣಿನ ಮೇಲೆ ತಕ್ಷಣ ಹಳಿ ಹಾಕಬೇಡಿ, ಒಂದು ಮಳೆಗಾಲ ಕೂರಲು ಬಿಡಿ. ಏರು ಏನೇ ಇರಲಿ, ಬೋಗಿಗಳಿಗೂ ಬ್ರೇಕ್ ಇರಲಿ, ಎಂಜಿನ್ ಒಂದಕ್ಕೇ ಬಿಡಬೇಡಿ.

ಪ್ರಶ್ನೆ: ವಾಲ್ಟ್ ಡಿಸ್ನಿ ತನ್ನ ಮನೆಯ ಹಿತ್ತಲಲ್ಲಿ ಇಂಥ ರೈಲು ಓಡಿಸುತ್ತಿದ್ದರು ಎಂದು ಕೇಳಿದ್ದೇನೆ. ನಿಜವೇ? ಅವರಂತೆ ಸುರಂಗ ಮಾಡಬಹುದೇ?

ನಿಜ. 1950ರಲ್ಲಿ ಲಾಸ್ ಏಂಜಲೀಸ್‌ನ ಅವರ ಮನೆಯಲ್ಲಿ ಶುರುವಾಯಿತು, ಗೇಜ್ 7¼ ಇಂಚು, ಹಳಿಯ ಉದ್ದ ಸುಮಾರು 800 ಮೀಟರ್. ಹೆಂಡತಿ ಲಿಲಿಯನ್ ಅವರ ಹೂದೋಟ ಹಾಳಾಗಬಾರದೆಂದು ಅದರ ಅಡಿಯಲ್ಲೇ 27 ಮೀಟರಿನ ಸುರಂಗ ಮಾಡಿಸಿದ್ದರು. ಒಳಗೆ ತಿರುವು ಇಟ್ಟಿದ್ದರಿಂದ ಆಚೆ ತುದಿ ಕಾಣುತ್ತಿರಲಿಲ್ಲ. 1953ರಲ್ಲಿ ಎಂಜಿನ್ ಹಳಿ ತಪ್ಪಿ, ಹೊರಬಂದ ಹಬೆಯಿಂದ ಒಂದು ಮಗುವಿಗೆ ಸುಟ್ಟಗಾಯವಾಯಿತು. ಆಮೇಲೆ ಅವರು ಅದನ್ನು ಮುಚ್ಚಿಬಿಟ್ಟರು.

ಈ ಕೊನೆಯ ಮಾತನ್ನೂ ಸೇರಿಸಿ ಹೇಳಿದ್ದು ಬೇಕೆಂದೇ. ನಡೆಯುವವನ ವೇಗಕ್ಕಿಂತ ಸ್ವಲ್ಪ ಜೋರು ಅಷ್ಟೇ, ಏನಾಗುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಅರ್ಧ ಟನ್ ಭಾರ ಚಲಿಸುತ್ತಿರುತ್ತದೆ, ಮಕ್ಕಳ ಕಾಲು ಹೊರಗಿರುತ್ತದೆ. ಸುರಂಗ ಮಾಡುವುದಾದರೆ ನೇರವಾಗಿ ಮಾಡಿ, ಆಚೆ ಬೆಳಕು ಕಾಣಲಿ. ಕೂತ ದೊಡ್ಡವರು ಕೈ ಚಾಚಿದರೂ ಗೋಡೆ ಸಿಗಬಾರದು, ನಿಂತರೂ ತಲೆ ತಾಗಬಾರದು. ಅಷ್ಟು ಜಾಗ ಇಲ್ಲದಿದ್ದರೆ ಸುರಂಗ ಬೇಡ, ಬಳ್ಳಿ ಹಬ್ಬಿಸಿದ ಚಪ್ಪರ ಮಾಡಿ.

ಪ್ರಶ್ನೆ: ಪಾಯಿಂಟ್ಸ್ ನಾನೇ ಮಾಡಬಹುದೇ?

ಮಾಡಬಹುದು, ಆದರೆ ಮೊದಲ ವರ್ಷ ಬೇಡ. ಪಾಯಿಂಟ್ಸ್‌ನಲ್ಲಿ ಹಳಿಗಳು ಒಂದನ್ನೊಂದು ದಾಟುವ ಕಡೆ ಸಣ್ಣ ಸಂದು ಇರಲೇಬೇಕು, ಆ ಸಂದಿನ ಮೇಲೆ ಚಕ್ರ ಹಾದುಹೋಗುವಾಗ ಅದನ್ನು ದಾರಿ ತಪ್ಪದಂತೆ ಹಿಡಿಯುವುದು ಎದುರು ಬದಿಯ ಕಾವಲು ಹಳಿ. ಅದು ಅಲ್ಲಿನ ಚಕ್ರದ ಬೆನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಅಚ್ಚಿನ ಮೇಲೆ ಎರಡು ಚಕ್ರಗಳ ಬೆನ್ನಿನಿಂದ ಬೆನ್ನಿಗೆ ಇರುವ ಅಂತರ ಎಲ್ಲ ಬೋಗಿಗೂ ಎಂಜಿನ್‌ಗೂ ಒಂದೇ ಇರಬೇಕು. ಅರ್ಧ ಮಿ.ಮೀ. ಹೆಚ್ಚುಕಮ್ಮಿಯಾದರೂ ಒಂದು ಬೋಗಿ ಸಲೀಸಾಗಿ ಹೋಗುತ್ತದೆ, ಇನ್ನೊಂದು ಬಡಿದುಕೊಳ್ಳುತ್ತದೆ. ಹಾಗಾಗಿ ಹಳಿ ಕತ್ತರಿಸುವ ಮೊದಲು ಕ್ಯಾಲಿಪರ್ ಹಿಡಿದು ನಿಮ್ಮ ಎಲ್ಲ ಚಕ್ರಗಳನ್ನೂ ಅಳೆಯಿರಿ. ಅಲ್ಲಿಯ ತನಕ ಶೆಡ್ಡಿಗೆ ಹೋಗಲು ಎತ್ತಿಡುವ ಒಂದು ಬಿಡಿ ಹಳಿ ತುಂಡು ಸಾಕು.

ಪ್ರಶ್ನೆ: ಸ್ಲೀಪರಿಗೆ ಮರವೋ ಪ್ಲಾಸ್ಟಿಕ್ಕೋ? ಹಳಿಗೆ ಬಣ್ಣ ಬಳಿಯಬೇಕೇ?

ಗಟ್ಟಿ ಜಾತಿಯ ಮರವಾದರೆ ಮರ. ಮೊದಲೇ ತೂತು ಕೊರೆದು ಸ್ಕ್ರೂ ಹಾಕಿ, ಇಲ್ಲದಿದ್ದರೆ ಸೀಳುತ್ತದೆ. ಮೆತ್ತನೆ ಮರ ಗೆದ್ದಲಿಗೆ ಊಟ. ಮರುಬಳಕೆಯ ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಆದರೆ ಬಿಸಿಗೆ ಹಿಗ್ಗಿ ಗೇಜನ್ನೇ ಸುಮಾರು ಒಂದು ಮಿ.ಮೀ. ಅಗಲ ಮಾಡಬಲ್ಲದು, ಹಾಕುವಾಗ ಅದು ನೆನಪಿರಲಿ. ಬಣ್ಣವನ್ನು ಹಳಿಯ ಎರಡು ಬದಿಗೆ, ಬುಡಕ್ಕೆ ಬಳಿಯಿರಿ. ತಲೆಗೆ ಬೇಡ, ಚಕ್ರ ಉರುಳಿ ಉರುಳಿ ಅದು ತಾನೇ ಹೊಳೆಯುತ್ತದೆ. ತುಕ್ಕು ಬಂತೆಂದು ತಲೆಗೆ ಎಣ್ಣೆ ಹಚ್ಚಬೇಡಿ, ಬ್ರೇಕ್ ಹಿಡಿಯುವುದಿಲ್ಲ. ಒಣ ಬಟ್ಟೆ, ಸ್ವಲ್ಪ ಉಜ್ಜುಕಾಗದ ಸಾಕು.